ಕುಟುಂಬದಲ್ಲಿ ಬದಲಾವಣೆಯಾದಾಗ ಪಡಿತರ ಚೀಟಿದಾರರು ಹಾಗೂ ಪಿಂಚಣಿದಾರರು ಅನುಸರಿಸಬೇಕಾದ ಕ್ರಮಗಳು

ಪಡಿತರ ಚೀಟಿಯು ಒಂದು ಕುಟುಂಬದಲ್ಲಿ ಎಷ್ಟು ಮಂದಿ ಇದ್ದಾರೆ, ಕುಟುಂಬದ ಯಜಮಾನಿ ಯಾರು, ಕುಟುಂಬವು ಯಾವ ವರ್ಗಕ್ಕೆ ಸೇರಿದೆ ಎಂಬ ವಿವರಗಳನ್ನು ಒಳಗೊಂಡ ದಾಖಲೆಯಾಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ದೊರೆಯುವ ಆಹಾರಧಾನ್ಯವಷ್ಟೇ ಅಲ್ಲದೆ, ಗೃಹಲಕ್ಷ್ಮಿ ಯೋಜನೆಯ ಮಾಸಿಕ ರೂ. 2,000ಗಳ ಸಹಾಯಧನ ಮತ್ತು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಚಿಕಿತ್ಸಾ ಸೌಲಭ್ಯಗಳಿಗೂ ಇದೇ ದಾಖಲೆಯನ್ನು ಆಧಾರವಾಗಿ ಪರಿಗಣಿಸಲಾಗುತ್ತದೆ. ಆದುದರಿಂದ ಕುಟುಂಬದಲ್ಲಿ ಜನನ, ಮರಣ, ವಿವಾಹ, ವಿಭಜನೆ, ವಲಸೆ ಅಥವಾ ಆದಾಯದ ಏರಿಕೆ ಉಂಟಾದಾಗ ಚೀಟಿಯಲ್ಲಿನ ವಿವರಗಳನ್ನು ಕಾಲಕಾಲಕ್ಕೆ ಸರಿಪಡಿಸಿಕೊಳ್ಳುವುದು ಅವಶ್ಯಕ.

ಬದಲಾವಣೆಯನ್ನು ತಿಳಿಸಿದರೆ ಚೀಟಿಯೇ ರದ್ದಾಗಬಹುದೆಂಬ ಆತಂಕದಿಂದ ಅನೇಕ ಕುಟುಂಬಗಳು ಸುಮ್ಮನಿರುವುದುಂಟು. ಈ ಆತಂಕವು ಬಹುಪಾಲು ಸಂದರ್ಭಗಳಲ್ಲಿ ಆಧಾರರಹಿತವಾದುದು. ಹೆಚ್ಚಿನ ಬದಲಾವಣೆಗಳಿಂದ ಸೌಲಭ್ಯದ ಪ್ರಮಾಣ ಮಾತ್ರ ಹೆಚ್ಚು ಕಡಿಮೆಯಾಗುತ್ತದೆಯೇ ಹೊರತು ಕುಟುಂಬದ ಅರ್ಹತೆ ಹೋಗುವುದಿಲ್ಲ. ಬದಲಾವಣೆಯನ್ನು ತಿಳಿಸದೇ ಇರುವುದರಿಂದಲೇ ನಷ್ಟ ಹೆಚ್ಚು.

1. ಸದಸ್ಯರ ಸಂಖ್ಯೆ ಮತ್ತು ಸೌಲಭ್ಯದ ಪ್ರಮಾಣ

ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರನ್ವಯ ಆದ್ಯತಾ ಕುಟುಂಬದ (ಬಿಪಿಎಲ್) ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಆಹಾರಧಾನ್ಯದ ಹಕ್ಕಿದೆ. ಅಂತ್ಯೋದಯ ಕುಟುಂಬಕ್ಕೆ ಸದಸ್ಯರ ಸಂಖ್ಯೆ ಎಷ್ಟೇ ಇದ್ದರೂ ಕುಟುಂಬವೊಂದಕ್ಕೆ ತಿಂಗಳಿಗೆ 35 ಕೆ.ಜಿ. ನೀಡಲಾಗುತ್ತದೆ. 2023ರ ಜನವರಿಯಿಂದ ಈ ಧಾನ್ಯವನ್ನು ಉಚಿತವಾಗಿ ವಿತರಿಸಲಾಗುತ್ತಿದೆ. ರಾಜ್ಯ ಸರ್ಕಾರವು ಅನ್ನಭಾಗ್ಯ ಯೋಜನೆಯಡಿ ನೀಡುವ ಹೆಚ್ಚುವರಿ ಸೌಲಭ್ಯವು ಆಗಿಂದಾಗ್ಗೆ ಹೊರಡಿಸುವ ಆದೇಶಗಳಿಗೆ ಒಳಪಟ್ಟಿರುತ್ತದೆ.

ಉದಾಹರಣೆಗೆ, ನಾಲ್ವರು ಸದಸ್ಯರಿರುವ ಆದ್ಯತಾ ಕುಟುಂಬಕ್ಕೆ ಅಧಿನಿಯಮದನ್ವಯ 20 ಕೆ.ಜಿ. ಧಾನ್ಯ ಸಲ್ಲುತ್ತದೆ. ಮಗುವೊಂದು ಜನಿಸಿ ಅದರ ಹೆಸರು ಸೇರ್ಪಡೆಯಾದಲ್ಲಿ ಈ ಪ್ರಮಾಣವು 25 ಕೆ.ಜಿ. ಆಗುತ್ತದೆ. ಒಂದು ವರ್ಷದವರೆಗೆ ಹೆಸರು ಸೇರಿಸದಿದ್ದರೆ ಆ ಕುಟುಂಬವು 60 ಕೆ.ಜಿ. ಧಾನ್ಯದಿಂದ ವಂಚಿತವಾದಂತಾಗುತ್ತದೆ. ಅಂತೆಯೇ ಸದಸ್ಯರೊಬ್ಬರು ನಿಧನರಾದಲ್ಲಿ ಅವರ ಪಾಲಿನ 5 ಕೆ.ಜಿ. ಮಾತ್ರ ಕಡಿತವಾಗುತ್ತದೆ, ಉಳಿದವರ ಹಕ್ಕಿಗೆ ಬಾಧೆ ಇರುವುದಿಲ್ಲ. ಅಂತ್ಯೋದಯ ಕುಟುಂಬದಲ್ಲಿ ಒಬ್ಬ ಸದಸ್ಯರು ಕಡಿಮೆಯಾದ ಕಾರಣದಿಂದ 35 ಕೆ.ಜಿ. ಪ್ರಮಾಣದಲ್ಲಿ ವ್ಯತ್ಯಾಸವಾಗುವುದಿಲ್ಲ.

2. ತಿಳಿಸಬೇಕಾದ ಬದಲಾವಣೆಗಳು

(ಅ) ಜನನ: ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮ, 1969ರ ಮೇರೆಗೆ ಜನನವನ್ನು 21 ದಿನಗಳೊಳಗಾಗಿ ನೋಂದಾಯಿಸತಕ್ಕದ್ದು. ಜನನ ಪ್ರಮಾಣ ಪತ್ರ ಮತ್ತು ಮಗುವಿನ ಆಧಾರ್ ಸಂಖ್ಯೆಯೊಂದಿಗೆ ಹೆಸರು ಸೇರ್ಪಡೆಗೆ ಅರ್ಜಿ ಸಲ್ಲಿಸಬಹುದು. ಐದು ವರ್ಷದೊಳಗಿನ ಮಗುವಿನ ಆಧಾರ್ ನೋಂದಣಿಗೆ ಬೆರಳಚ್ಚು ಬೇಕಿಲ್ಲ. ತಂದೆ ಅಥವಾ ತಾಯಿಯ ಆಧಾರ್‌ಗೆ ಜೋಡಿಸಿ ನೋಂದಾಯಿಸಲಾಗುತ್ತದೆ. ಮಗುವಿಗೆ ಐದು ವರ್ಷ ತುಂಬಿದಾಗ ಮತ್ತು ಹದಿನೈದು ವರ್ಷ ತುಂಬಿದಾಗ ಬೆರಳಚ್ಚು ವಿವರಗಳನ್ನು ದಾಖಲಿಸತಕ್ಕದ್ದು.

(ಆ) ಮರಣ: ಮರಣವನ್ನೂ 21 ದಿನಗಳೊಳಗೆ ನೋಂದಾಯಿಸಿ, ಮರಣ ಪ್ರಮಾಣ ಪತ್ರದೊಂದಿಗೆ ಹೆಸರು ತೆಗೆದುಹಾಕಲು ಅರ್ಜಿ ಸಲ್ಲಿಸತಕ್ಕದ್ದು. ಮೃತರ ಹೆಸರಿನಲ್ಲಿ ಧಾನ್ಯ ಪಡೆಯುವುದು ನಿಯಮಬಾಹಿರ.

(ಇ) ಯಜಮಾನಿಯ ಮರಣ: ಅಧಿನಿಯಮದನ್ವಯ ಕುಟುಂಬದಲ್ಲಿ 18 ವರ್ಷಕ್ಕೆ ಕಡಿಮೆಯಿಲ್ಲದ ಅತ್ಯಂತ ಹಿರಿಯ ಮಹಿಳೆಯೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಅವರು ನಿಧನರಾದಲ್ಲಿ ನಂತರದ ಹಿರಿಯ ಮಹಿಳೆಯ ಹೆಸರಿಗೆ ಚೀಟಿಯನ್ನು ಬದಲಾಯಿಸಿಕೊಳ್ಳತಕ್ಕದ್ದು. ಕುಟುಂಬದಲ್ಲಿ ವಯಸ್ಕ ಮಹಿಳೆ ಇಲ್ಲದಿದ್ದಲ್ಲಿ ಹಿರಿಯ ಪುರುಷ ಸದಸ್ಯರು ಮುಖ್ಯಸ್ಥರಾಗುತ್ತಾರೆ. ಕುಟುಂಬದ ಹೆಣ್ಣುಮಗಳಿಗೆ 18 ವರ್ಷ ತುಂಬಿದಾಗ ಆಕೆ ಮುಖ್ಯಸ್ಥೆಯಾಗುತ್ತಾಳೆ. ಗೃಹಲಕ್ಷ್ಮಿ ಸಹಾಯಧನವು ಮೃತರ ಖಾತೆಯಿಂದ ಬೇರೆಯವರ ಖಾತೆಗೆ ತಾನಾಗಿಯೇ ವರ್ಗವಾಗುವುದಿಲ್ಲ. ಮೊದಲು ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಬದಲಾಗಬೇಕು. ತದನಂತರ ಹೊಸ ಯಜಮಾನಿಯು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಅತ್ತೆಯ ಮರಣಾನಂತರ ಚೀಟಿಯನ್ನು ಹಾಗೆಯೇ ಬಿಟ್ಟ ಮನೆಗಳಲ್ಲಿ ಸೊಸೆಗೆ ಸಲ್ಲಬೇಕಾದ ಹಣ ತಡವಾಗಲು ಇದೇ ಮುಖ್ಯ ಕಾರಣ.

(ಈ) ವಿವಾಹ: ಒಂದೇ ಆಧಾರ್ ಸಂಖ್ಯೆಯು ಏಕಕಾಲಕ್ಕೆ ಎರಡು ಪಡಿತರ ಚೀಟಿಗಳಲ್ಲಿ ಇರುವಂತಿಲ್ಲ. ಆದುದರಿಂದ ವಿವಾಹಿತ ಮಹಿಳೆಯ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿದ ಬಳಿಕವೇ ಗಂಡನ ಮನೆಯ ಚೀಟಿಗೆ ಸೇರಿಸಲು ಸಾಧ್ಯ. ತವರಿನಲ್ಲಿ ಹೆಸರು ತೆಗೆದ ಬಗ್ಗೆ ದಾಖಲೆ ಪಡೆದು, ವಿಳಂಬ ಮಾಡದೆ ಸೇರ್ಪಡೆಗೆ ಅರ್ಜಿ ಸಲ್ಲಿಸುವುದು ಸೂಕ್ತ. ಎರಡೂ ಮನೆಗಳ ಚೀಟಿಯಲ್ಲಿ ಹೆಸರಿಲ್ಲದ ಅವಧಿ ದೀರ್ಘವಾದಷ್ಟೂ ಆಕೆಯ ಪಡಿತರಕ್ಕೂ, ಆಸ್ಪತ್ರೆಯಲ್ಲಿ ಯೋಜನೆಯಡಿ ಚಿಕಿತ್ಸೆ ಪಡೆಯುವುದಕ್ಕೂ ತೊಡಕಾಗುತ್ತದೆ.

(ಉ) ವಲಸೆ ಮತ್ತು ವಿಳಾಸ ಬದಲಾವಣೆ: ದುಡಿಮೆಗಾಗಿ ಕೆಲವು ತಿಂಗಳು ಬೇರೆ ಊರಿಗೆ ತೆರಳುವವರು ಚೀಟಿಯನ್ನು ಒಪ್ಪಿಸಬೇಕಾಗಿಲ್ಲ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಡಿ ಆದ್ಯತಾ ಹಾಗೂ ಅಂತ್ಯೋದಯ ಚೀಟಿದಾರರು ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಅಧಿನಿಯಮದನ್ವಯ ಧಾನ್ಯ ಪಡೆಯಬಹುದು. ರಾಯಚೂರು ಅಥವಾ ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು ತಮ್ಮ ಪಾಲಿನ ಧಾನ್ಯವನ್ನು ಬೆಂಗಳೂರಿನಲ್ಲಿ ಪಡೆದು, ಊರಿನಲ್ಲಿ ಉಳಿದ ಸದಸ್ಯರು ಮಿಕ್ಕ ಭಾಗವನ್ನು ಅಲ್ಲಿಯೇ ಪಡೆಯಲು ಅವಕಾಶವಿದೆ. ಕುಟುಂಬವು ಶಾಶ್ವತವಾಗಿ ಸ್ಥಳಾಂತರಗೊಂಡಲ್ಲಿ ಮಾತ್ರ ವಿಳಾಸ ಬದಲಾವಣೆಗೆ ಅರ್ಜಿ ಸಲ್ಲಿಸತಕ್ಕದ್ದು.

(ಊ) ಕುಟುಂಬದ ವಿಭಜನೆ: ಅಣ್ಣತಮ್ಮಂದಿರು ಬೇರೆಯಾಗಿ ಪ್ರತ್ಯೇಕ ಅಡುಗೆ, ಪ್ರತ್ಯೇಕ ಸಂಸಾರ ಹೂಡಿದಲ್ಲಿ ಪ್ರತ್ಯೇಕ ಚೀಟಿಗೆ ಅರ್ಜಿ ಸಲ್ಲಿಸಬಹುದು. ಸ್ಥಳ ಪರಿಶೀಲನೆಯ ನಂತರ ತೀರ್ಮಾನ ಕೈಗೊಳ್ಳಲಾಗುವುದು. ಒಂದೇ ಸಂಸಾರವಾಗಿದ್ದು ಹೆಚ್ಚಿನ ಸೌಲಭ್ಯಕ್ಕಾಗಿ ಕಾಗದದ ಮೇಲಷ್ಟೇ ವಿಭಜನೆ ತೋರಿಸುವುದು ಸುಳ್ಳು ಮಾಹಿತಿ ನೀಡಿದಂತಾಗುತ್ತದೆ.

3. ಅರ್ಹತೆಯನ್ನೇ ಬದಲಿಸುವ ಸಂದರ್ಭಗಳು

ಕುಟುಂಬದ ವಾರ್ಷಿಕ ಆದಾಯ ರೂ. 1.20 ಲಕ್ಷ ಮೀರಿದಲ್ಲಿ, ಸದಸ್ಯರೊಬ್ಬರು ಸರ್ಕಾರಿ ಸೇವೆಗೆ ಸೇರಿದಲ್ಲಿ, ಆದಾಯ ತೆರಿಗೆ ಪಾವತಿಸುವವರಾದಲ್ಲಿ ಅಥವಾ ಸ್ವಂತ ಬಳಕೆಗಾಗಿ ನಾಲ್ಕು ಚಕ್ರದ ವಾಹನ ಹೊಂದಿದಲ್ಲಿ ಆದ್ಯತಾ ಚೀಟಿಯ ಅರ್ಹತೆ ಇರುವುದಿಲ್ಲ. ಜೀವನೋಪಾಯಕ್ಕಾಗಿ ಸ್ವತಃ ಓಡಿಸುವ ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಅಥವಾ ಟ್ರ್ಯಾಕ್ಟರ್ ಈ ನಿರ್ಬಂಧಕ್ಕೆ ಒಳಪಡುವುದಿಲ್ಲ. ಸಾಲ ಮಾಡಿ ಬಾಡಿಗೆ ಕಾರು ಕೊಂಡ ಚಾಲಕರು ಅದನ್ನು ಮರೆಮಾಚುವ ಅಗತ್ಯವಿಲ್ಲ. ವಾಹನದ ನೋಂದಣಿ ದಾಖಲೆಯನ್ನು ಹಾಜರುಪಡಿಸಿ ವಿವರಿಸಿದರೆ ಸಾಕು.

ಅರ್ಹತೆ ಕಳೆದುಕೊಂಡ ಕುಟುಂಬವು ತಾನಾಗಿಯೇ ಚೀಟಿಯನ್ನು ಒಪ್ಪಿಸಿ ಆದ್ಯತೇತರ (ಎಪಿಎಲ್) ಚೀಟಿಗೆ ಅರ್ಜಿ ಸಲ್ಲಿಸಬಹುದು. ಎಪಿಎಲ್ ಚೀಟಿಯ ಯಜಮಾನಿಯರೂ ಗೃಹಲಕ್ಷ್ಮಿ ಯೋಜನೆಗೆ ಅರ್ಹರು ಎಂಬುದನ್ನು ಗಮನಿಸತಕ್ಕದ್ದು. ಯಜಮಾನಿ ಅಥವಾ ಆಕೆಯ ಪತಿಯು ಆದಾಯ ತೆರಿಗೆ ಪಾವತಿದಾರರಾಗಿದ್ದಲ್ಲಿ ಅಥವಾ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವವರಾಗಿದ್ದಲ್ಲಿ ಮಾತ್ರ ಆ ಸಹಾಯಧನ ದೊರೆಯುವುದಿಲ್ಲ. ಹೀಗಾಗಿ ಬಿಪಿಎಲ್ ಚೀಟಿ ಹೋದರೆ ಎಲ್ಲ ಸೌಲಭ್ಯಗಳೂ ಒಮ್ಮೆಗೇ ನಿಲ್ಲುತ್ತವೆ ಎಂಬ ತಿಳಿವಳಿಕೆ ಸರಿಯಲ್ಲ.

4. ಸಾಮಾಜಿಕ ಭದ್ರತಾ ಪಿಂಚಣಿದಾರರು

ಸಂಧ್ಯಾ ಸುರಕ್ಷಾ, ವಿಧವಾ ವೇತನ ಹಾಗೂ ಅಂಗವಿಕಲ ವೇತನಗಳು ಕಂದಾಯ ಇಲಾಖೆಯ ಮೂಲಕ ಮಂಜೂರಾಗುತ್ತವೆ. ಪಡಿತರ ಚೀಟಿಯಲ್ಲಿ ತಿದ್ದುಪಡಿ ಮಾಡಿಸಿದ ಮಾತ್ರಕ್ಕೆ ಪಿಂಚಣಿಯ ದಾಖಲೆಯೂ ತಿದ್ದುಪಡಿಯಾಯಿತೆಂದು ಭಾವಿಸತಕ್ಕದ್ದಲ್ಲ. ಪಿಂಚಣಿದಾರರು ನಿಧನರಾದಲ್ಲಿ, ವಿಳಾಸ ಅಥವಾ ಬ್ಯಾಂಕ್ ಖಾತೆ ಬದಲಾದಲ್ಲಿ, ವಿಧವಾ ವೇತನ ಪಡೆಯುತ್ತಿರುವವರು ಮರುವಿವಾಹವಾದಲ್ಲಿ ನಾಡಕಚೇರಿಗೆ ಅಥವಾ ಗ್ರಾಮ ಆಡಳಿತಾಧಿಕಾರಿಯವರಿಗೆ ಪ್ರತ್ಯೇಕವಾಗಿ ತಿಳಿಸತಕ್ಕದ್ದು. ಮರಣಾನಂತರ ಖಾತೆಗೆ ಜಮೆಯಾದ ಪಿಂಚಣಿ ಮೊತ್ತವನ್ನು ಕುಟುಂಬದವರು ಬಳಸಕೂಡದು. ಪತಿಯ ಪಿಂಚಣಿ ನಿಂತ ನಂತರ ಪತ್ನಿಯು, ಬೇರೆ ಪಿಂಚಣಿ ಪಡೆಯುತ್ತಿಲ್ಲದಿದ್ದಲ್ಲಿ, ವಿಧವಾ ವೇತನಕ್ಕೆ ಅರ್ಜಿ ಸಲ್ಲಿಸಬಹುದು. ಮರಣವನ್ನು ತಿಳಿಸಲು ತಡಮಾಡಿದಷ್ಟೂ ಈ ಅರ್ಜಿಯೂ ತಡವಾಗುತ್ತದೆ.

5. ಅರ್ಜಿ ಸಲ್ಲಿಸುವ ವಿಧಾನ

ಪಡಿತರ ಚೀಟಿಯ ತಿದ್ದುಪಡಿಗೆ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸಬಹುದು. ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕರ ವ್ಯವಹಾರಗಳ ಇಲಾಖೆಯು ಇದಕ್ಕಾಗಿ ಆಗಿಂದಾಗ್ಗೆ ಅವಧಿಯನ್ನು ಪ್ರಕಟಿಸುತ್ತದೆ. ಅರ್ಜಿಯೊಂದಿಗೆ ಈ ಕೆಳಕಂಡವುಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು:

- ಪಡಿತರ ಚೀಟಿ ಮತ್ತು ಸಂಬಂಧಿಸಿದ ಸದಸ್ಯರ ಆಧಾರ್
- ಬದಲಾವಣೆಗೆ ಅನುಗುಣವಾಗಿ ಜನನ, ಮರಣ ಅಥವಾ ವಿವಾಹದ ಪ್ರಮಾಣ ಪತ್ರ
- ವಿಳಾಸ ಬದಲಾವಣೆಯಾಗಿದ್ದಲ್ಲಿ ಹೊಸ ವಿಳಾಸದ ದಾಖಲೆ
- ಪ್ರತ್ಯೇಕ ಚೀಟಿ ಕೋರುವವರು ಆದಾಯ ಪ್ರಮಾಣ ಪತ್ರ

ತಿದ್ದುಪಡಿಗೆ ಅವಕಾಶ ತೆರೆದಿರದ ದಿನಗಳಲ್ಲಿ ಬದಲಾವಣೆ ಸಂಭವಿಸಿದ್ದಲ್ಲಿ, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬಿಳಿ ಹಾಳೆಯಲ್ಲಿ ಬರೆದು ತಿಳಿಸಿ, ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು ಒಳಿತು. ಮುಂದೆ ಪ್ರಶ್ನೆ ಉದ್ಭವಿಸಿದಾಗ ಕುಟುಂಬವು ವಿಷಯವನ್ನು ಮುಚ್ಚಿಟ್ಟಿರಲಿಲ್ಲ ಎಂಬುದಕ್ಕೆ ಈ ಪ್ರತಿಯೇ ಸಾಕ್ಷಿ. ನ್ಯಾಯಬೆಲೆ ಅಂಗಡಿಯವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದನ್ನು ಅರ್ಜಿ ಎಂದು ಪರಿಗಣಿಸಲಾಗುವುದಿಲ್ಲ.

6. ಅರ್ಜಿದಾರರ ಹಕ್ಕುಗಳು

ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಹಾಗೂ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಲು ಅವಕಾಶವಿದೆ. ಪಡಿತರ ದೊರೆಯದ ಅಥವಾ ಹೆಸರನ್ನು ತಪ್ಪಾಗಿ ಕೈಬಿಟ್ಟ ಪ್ರಕರಣಗಳಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ನೀಡಬಹುದು. ಅಲ್ಲಿನ ಆದೇಶ ತೃಪ್ತಿಕರವಾಗದಿದ್ದಲ್ಲಿ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆಹಾರ ಇಲಾಖೆಯ ಸಹಾಯವಾಣಿ ಸಂಖ್ಯೆ: 1967.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಜಮಾನಿ ನಿಧನರಾಗಿದ್ದಾರೆ. ಹೆಸರು ಬದಲಾಗುವವರೆಗೆ ಪಡಿತರ ನಿಲ್ಲುವುದೇ?
ಉತ್ತರ: ಇಲ್ಲ. ಚೀಟಿಯಲ್ಲಿ ಹೆಸರಿದ್ದು ಇ-ಕೆವೈಸಿ ಆಗಿರುವ ಇತರ ಸದಸ್ಯರು ಬೆರಳಚ್ಚು ನೀಡಿ ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಆದ್ದರಿಂದ ಎಲ್ಲ ಸದಸ್ಯರೂ ಇ-ಕೆವೈಸಿ ಪೂರ್ಣಗೊಳಿಸಿಕೊಂಡಿರುವುದು ಕ್ಷೇಮ.

ಪ್ರಶ್ನೆ: ಸೊಸೆಯ ಹೆಸರು ಸೇರಿಸಿದರೆ ಅತ್ತೆಗೆ ಬರುತ್ತಿರುವ ಗೃಹಲಕ್ಷ್ಮಿ ಹಣ ನಿಲ್ಲುವುದೇ?
ಉತ್ತರ: ನಿಲ್ಲುವುದಿಲ್ಲ. ಹಿರಿಯ ಮಹಿಳೆಯಾದ ಅತ್ತೆಯೇ ಯಜಮಾನಿಯಾಗಿ ಮುಂದುವರಿಯುತ್ತಾರೆ. ಸೊಸೆಯ ಹೆಸರಿನಲ್ಲಿ ಧಾನ್ಯದ ಪ್ರಮಾಣ ಹೆಚ್ಚುತ್ತದೆ.

ಪ್ರಶ್ನೆ: ಮಗ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದಾನೆ. ಹೆಸರು ತೆಗೆಸಬೇಕೇ?
ಉತ್ತರ: ವ್ಯಾಸಂಗಕ್ಕಾಗಿ ತಾತ್ಕಾಲಿಕವಾಗಿ ದೂರವಿರುವವರು ಕುಟುಂಬದ ಸದಸ್ಯರಾಗಿಯೇ ಇರುತ್ತಾರೆ. ತೆಗೆಸಬೇಕಾಗಿಲ್ಲ.

ಸಾರ್ವಜನಿಕರು ಮಧ್ಯವರ್ತಿಗಳಿಗೆ ಹಣ ನೀಡದೆ, ನಿಗದಿತ ಶುಲ್ಕವನ್ನು ಮಾತ್ರ ಪಾವತಿಸಿ ರಸೀದಿ ಪಡೆಯಲು ಕೋರಲಾಗಿದೆ. ಕುಟುಂಬದಲ್ಲಿ ಬದಲಾವಣೆಯಾದ ಕೂಡಲೇ ಅದನ್ನು ತಿಳಿಸಿ, ಸ್ವೀಕೃತಿಯನ್ನು ಪಡಿತರ ಚೀಟಿಯೊಂದಿಗೆ ಜೋಪಾನವಾಗಿಟ್ಟುಕೊಳ್ಳತಕ್ಕದ್ದು.