ಆಟಿಕೆ ಮೋಟಾರಿನ ಒಳರೋಗ
ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಫ್ರಾಂಕ್ ಹಾರ್ನ್‌ಬಿಯವರ ಮೆಕ್ಯಾನೊ ಸಂಸ್ಥೆಯು 1934ರಲ್ಲಿ ತನ್ನ ಪುಟ್ಟ ಲೋಹದ ಮೋಟಾರುಗಳಿಗೆ ‘ಡಿಂಕಿ ಟಾಯ್ಸ್’ ಎಂದು ಹೆಸರಿಟ್ಟಿತು. ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಒತ್ತಿ ತಯಾರಿಸಿದ ಇವುಗಳನ್ನು ಸಂಗ್ರಾಹಕರು ಇಂದಿಗೂ ಅಕ್ಕರೆಯಿಂದ ಕೂಡಿಡುತ್ತಾರೆ. ಆದರೆ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಹಲವು ಮೋಟಾರುಗಳು, ಯಾರೂ ಮುಟ್ಟದಿದ್ದರೂ, ಕಪಾಟಿನಲ್ಲಿಯೇ ಉಬ್ಬಿ, ಬಿರುಕುಬಿಟ್ಟು ಪುಡಿಯಾಗುತ್ತವೆ. ಎರಕದಲ್ಲಿ ಸತುವಿನೊಡನೆ ಬೆರೆತ ಅತ್ಯಲ್ಪ ಸೀಸವೇ ಇದಕ್ಕೆ ಮುಖ್ಯ ಕಾರಣ. ತಂಪಾದ, ತೇವವಿಲ್ಲದ ಸ್ಥಳದಲ್ಲಿಟ್ಟರೆ ಈ ಕ್ಷಯವು ನಿಧಾನವಾದೀತು, ವಾಸಿಯಾಗದು. ಹೊಸ ಬಣ್ಣ ಬಳಿದರೆ ಬಿರುಕು ಮರೆಯಾಗುವುದೇ ಹೊರತು ನಿಲ್ಲುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ನಾವು ಹೊಳಪಿಗೆ ಮರುಳಾಗದೆ ಚಕ್ರ, ಅಂಚು, ತಳಭಾಗಗಳನ್ನು ಪರೀಕ್ಷಿಸಬೇಕು. ಮಕ್ಕಳ ಕೈಯಲ್ಲಿ ಬಣ್ಣ ಸವೆದ ಮೋಟಾರನ್ನು ಹೀಗಳೆಯದಿರೋಣ. ಲೋಹ ಶುದ್ಧವಾಗಿದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.