ಸಂಕ್ರಾಂತಿಯಿಂದ ಯುಗಾದಿಯೊಳಗೆ

ಮಲೆನಾಡಿನಲ್ಲಿ ಹಳೆಯ ಹಂಚಿನ ಮನೆಯ ರಿಪೇರಿಗೆ ವರ್ಷದಲ್ಲಿ ನಿಜವಾಗಿ ಸಿಗುವ ಕಾಲ ಹೆಚ್ಚೆಂದರೆ ಮೂರು ತಿಂಗಳು. ಜೂನ್ ಮೊದಲ ವಾರದಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಮುಗಿಯುವವರೆಗೆ ಬಿಡುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಅಕ್ಟೋಬರಿನಲ್ಲಿ ಗೋಡೆಯ ತಂಡಿ ಇನ್ನೂ ಆರಿರುವುದಿಲ್ಲ. ನವೆಂಬರ್ ಬಂತೆಂದರೆ ಅಡಿಕೆ ಕೊಯ್ಲು. ಹಗಲು ತೋಟ, ರಾತ್ರಿ ಸುಲಿತ. ಆಳು ಸಿಗುವುದಿಲ್ಲ, ಅಂಗಳದ ತುಂಬ ಅಡಿಕೆ ಹರವಿರುವುದರಿಂದ ಒಂದು ಲೋಡು ಮರಳು ಇಳಿಸಲೂ ಜಾಗವಿರುವುದಿಲ್ಲ. ಡಿಸೆಂಬರ್ ನಡುವಿನಿಂದ ಧನುರ್ಮಾಸ, ಹೊಸ ಕೆಲಸಕ್ಕೆ ಕೈ ಹಚ್ಚಲು ಹಿರಿಯರು ಒಪ್ಪುವುದಿಲ್ಲ. ಯುಗಾದಿ ಕಳೆಯುತ್ತಿದ್ದಂತೆ ಬಾವಿಯ ನೀರು ತಳ ಹಿಡಿಯುತ್ತದೆ, ಸಂಜೆಯ ಗುಡುಗು ಮಳೆ ಶುರುವಾಗುತ್ತದೆ. ಸಂಕ್ರಾಂತಿ ಮತ್ತು ಯುಗಾದಿಯ ನಡುವೆ ಉಳಿದದ್ದೇ ಕೆಲಸದ ಕಾಲ.

ಅದೇ ಮನೆಯ ಮಕ್ಕಳು ಊರಿಗೆ ಬರುವ ಕಾಲ ಬೇರೆ. ಬೆಂಗಳೂರಿನಲ್ಲಿರುವವರಿಗೆ ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ರಜೆ. ಅಮೆರಿಕದ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್, ಕೊಲ್ಲಿ ದೇಶಗಳಲ್ಲಿ ಜುಲೈ-ಆಗಸ್ಟ್. ಎರಡೂ ಮಲೆನಾಡಿನ ನಡುಮಳೆಗೆ ಸರಿಯಾಗಿ ಬೀಳುತ್ತವೆ. ಹೊರದೇಶದವರಿಗೆ ಇನ್ನೊಮ್ಮೆ ಬಿಡುವು ಸಿಗುವುದು ಕ್ರಿಸ್‌ಮಸ್ ಸಮಯದ ಎರಡು ವಾರ. ಮನೆ ಕೆಡವಿ ಕಟ್ಟುವ ದಿನಗಳಲ್ಲಿ ಇವರಾರೂ ಇರುವುದಿಲ್ಲ. ಇರುವವರು ಎಪ್ಪತ್ತು ದಾಟಿದ ಅಪ್ಪ ಅಮ್ಮ, ಹೆಚ್ಚೆಂದರೆ ಪಕ್ಕದ ಮನೆಯ ದಾಯಾದಿ ಒಬ್ಬರು. ದುಡ್ಡು ಒಂದೂರಿನಿಂದ, ಸಲಹೆ ಇನ್ನೊಂದೂರಿನಿಂದ, ಮೇಸ್ತ್ರಿಯ ಮುಂದೆ ನಿಲ್ಲುವವರು ಮಾತ್ರ ವಯಸ್ಸಾದವರು. ರಿಪೇರಿಯ ನಡುವೆ ಹುಟ್ಟುವ ಮನಸ್ತಾಪಗಳಿಗೆ ಹೆಚ್ಚಿನ ಸಲ ಕಾರಣ ಹಣವಲ್ಲ, ಈ ದೂರ.

ಆದ್ದರಿಂದ ಕೆಲಸದ ಲೆಕ್ಕ ದೀಪಾವಳಿಯಿಂದಲೇ ಶುರುವಾಗಬೇಕು. ಮಲೆನಾಡಿನವರು ದೊಡ್ಡ ಹಬ್ಬವೆಂದು ಕರೆಯುವ ಈ ಹಬ್ಬಕ್ಕೆ, ಗೋಪೂಜೆಯ ಹೊತ್ತಿಗಾದರೂ, ನಾಡಿನೊಳಗಿರುವ ಮಕ್ಕಳೆಲ್ಲ ಮನೆ ಸೇರುತ್ತಾರೆ. ಹೊರದೇಶದಲ್ಲಿದ್ದವರನ್ನು ಅದೇ ದಿನ ಫೋನಿನ ಪರದೆಯ ಮೇಲೆ ಕೂರಿಸಬಹುದು. ಯಾವ ಗೋಡೆ ಒಡೆಯಬೇಕು, ಯಾವ ಕೋಣೆ ಮುಟ್ಟಬಾರದು, ಎಷ್ಟು ಖರ್ಚು, ಯಾರ ಪಾಲೆಷ್ಟು ಎಂಬುದು ಎಲ್ಲರೂ ಮನೆಯೊಳಗೆ ನಡೆದಾಡುತ್ತಲೇ ತೀರ್ಮಾನವಾದರೆ ಮುಂದೆ ಫೋನಿನಲ್ಲಿ ವಾದ ಬೆಳೆಯುವುದಿಲ್ಲ. ಇನ್ನೊಂದು ಕೆಲಸವನ್ನೂ ಅದೇ ಹಬ್ಬದಲ್ಲಿ ಮುಗಿಸಬೇಕು: ಅಟ್ಟ ಇಳಿಸುವುದು.

ಹಳೆಯ ಮನೆಯ ಅಟ್ಟದಲ್ಲಿ ಏನೇನಿರುತ್ತದೆಂದು ಆ ಮನೆಯವರಿಗೇ ಪೂರ್ತಿ ಗೊತ್ತಿರುವುದಿಲ್ಲ. ತಾಮ್ರದ ಹಂಡೆ, ಕಡಗೋಲು, ಉಪ್ಪಿನಕಾಯಿಯ ಜಾಡಿ, ಹಿಡಿ ಮುರಿದ ತೊಟ್ಟಿಲು, ತಗಡಿನ ಟ್ರಂಕಿನಲ್ಲಿ ಅಜ್ಜನ ಕೈಬರಹದ ಅಡಿಕೆ ಲೆಕ್ಕ, ಯಾರದೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಕೆಲಸ ಶುರುವಾದ ಮೇಲೆ ಅವಸರದಲ್ಲಿ ಅಟ್ಟ ಖಾಲಿ ಮಾಡಿದರೆ ಇವೆಲ್ಲ ಗುಜರಿಯವನ ತಕ್ಕಡಿ ಸೇರುತ್ತವೆ. ತೊಟ್ಟಿಲು ಹೋಯಿತೆಂದು ಆರು ತಿಂಗಳ ಮೇಲೆ ತಿಳಿದ ಮಗಳಿಗೆ ಯಾವ ಹೊಸ ಟೈಲ್ಸೂ ಸಮಾಧಾನ ಕೊಡುವುದಿಲ್ಲ. ಅಂಗಳದಲ್ಲಿ ಚಾಪೆ ಹಾಸಿ ಒಂದೊಂದನ್ನೇ ಇಳಿಸಿ, ಯಾರಿಗೆ ಯಾವುದು ಬೇಕೆಂದು ಕೇಳಿ, ಚೀಟಿ ಅಂಟಿಸುವುದಕ್ಕೆ ಒಂದು ಹಗಲು ಸಾಕು. ಆ ಹಗಲಿನಲ್ಲಿ ನಡೆಯುವ ಮಾತು ಇಡೀ ಹಬ್ಬದ ಮಾತಿಗಿಂತ ಹೆಚ್ಚಾಗಿರುತ್ತದೆ.

ಆಸ್ತಿ ಇನ್ನೂ ಹಿಸ್ಸೆಯಾಗದ ಮನೆಯಾದರೆ ಹಕ್ಕಿನ ಮಾತನ್ನೂ ಆಗಲೇ ಆಡಿಬಿಡುವುದು ಒಳ್ಳೆಯದು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ರಿಪೇರಿಗೆ ಒಬ್ಬನೇ ದುಡ್ಡು ಹಾಕಿ, ಮುಂದೆ ಪಾಲಿನ ಹೊತ್ತಿಗೆ ಅದನ್ನು ಹೇಗೆ ಲೆಕ್ಕಕ್ಕೆ ಹಿಡಿಯಬೇಕೆಂದು ಬರೆದಿಡದಿದ್ದರೆ ತಂಟೆ ಖಚಿತ. ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಮನಸ್ಸಿಗಾದರೂ ನೆಮ್ಮದಿ. ಕಾಗದಪತ್ರದ ಕೆಲಸಕ್ಕೆ ಹೊರದೇಶದಿಂದ ಮುಖ್ತಾರುನಾಮೆ ಕಳಿಸುವವರು ಅದನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಕೆಲಸ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಮೊದಲು ಮಾಡು, ಆಮೇಲೆ ಗೋಡೆ, ಕೊನೆಗೆ ನೆಲ. ಮಾಡಿನ ಇಳಿಜಾರಿನಲ್ಲಿ ಇಳಿಯುವ ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ಹೊಡೆದ ರೀಪು, ರೀಪಿಗೆ ಹಿಂಬದಿಯ ಉಬ್ಬಿನಿಂದ ಕಚ್ಚಿ ಕೂತ ಹಂಚು, ಹಂಚಿನ ಮಾಡೆಂದರೆ ಇಷ್ಟೇ. ನೂರು ಚದರಡಿ ಮಾಡಿಗೆ ಸುಮಾರು 130ರಿಂದ 150 ಹಂಚು ಬೇಕು. 1865ರಲ್ಲಿ ಮಂಗಳೂರಿನಲ್ಲಿ ನೇತ್ರಾವತಿಯ ದಂಡೆಯ ಜೇಡಿಯಿಂದ ಬಾಸೆಲ್ ಮಿಷನ್ನಿನವರು ಇಂಥ ಹಂಚು ಮಾಡತೊಡಗಿದರು. ಘಟ್ಟದ ಮೇಲಿನ ಹುಲ್ಲಿನ ಮಾಡು, ಸೋಗೆಯ ಮಾಡು ಕ್ರಮೇಣ ಹಂಚಿಗೆ ಬದಲಾದದ್ದು ಆ ಬಳಿಕ. ಇಳಿಸಿದ ಹಂಚನ್ನೆಲ್ಲ ಎಸೆಯುವುದು ದೊಡ್ಡ ತಪ್ಪು. ಬೆರಳ ಗಿಣ್ಣಿನಿಂದ ಕುಟ್ಟಿದರೆ ಗಟ್ಟಿ ಹಂಚು ಟಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಡಬ್ ಎನ್ನುತ್ತದೆ. ಟಣ್ ಎಂದದ್ದನ್ನು ಪಾಚಿ ಉಜ್ಜಿ ತೊಳೆದರೆ ಮತ್ತೆ ಮಾಡು ಸೇರುತ್ತದೆ. ತೊಳೆದಾಗ ಮಸಿಯ ಕೆಳಗಿನಿಂದ ಕಾರ್ಖಾನೆಯ ಹೆಸರು ಅಕ್ಷರ ಅಕ್ಷರವಾಗಿ ಏಳುತ್ತದೆ. ಅಂಥದ್ದೊಂದರ ಫೋಟೋ ತೆಗೆದು ದೂರದ ಮೊಮ್ಮಕ್ಕಳಿಗೆ ಕಳಿಸಿದರೆ, ಅದು ಸಿಮೆಂಟಿನ ಬಿಲ್ಲಿನ ಫೋಟೋಗಿಂತ ಬೇಗ ಉತ್ತರ ತರುತ್ತದೆ.

ನಿಜವಾದ ಖರ್ಚು ಮರದ್ದು. ಸೌದೆ ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆ ಮಾಡಿನವರೆಗೆ ಏರಿ ಪಕ್ಕಾಸುಗಳನ್ನು ಹುಳದಿಂದ ಕಾಯುತ್ತಿತ್ತು. ಗ್ಯಾಸು ಬಂದು ಹೊಗೆ ನಿಂತಿತು, ಗೆದ್ದಲಿಗೆ ದಾರಿಯಾಯಿತು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಪಕ್ಕಾಸಿಗೆ ಉಳಿ ಚುಚ್ಚಿದರೆ ಒಳಗೆ ಬರೀ ಮಣ್ಣು. ಮಾಡು ಬಿಚ್ಚುವವರೆಗೆ ಎಷ್ಟು ಮರ ಹಾಳಾಗಿದೆಯೆಂದು ಯಾವ ಆಚಾರಿಯೂ ಹೇಳಲಾರ. ದೂರದಲ್ಲಿದ್ದು ದುಡ್ಡು ಕಳಿಸುವವರು ಇದನ್ನು ಮೊದಲೇ ತಿಳಿದಿದ್ದರೆ, ನಡುವೆ ಖರ್ಚು ಏರಿತೆಂದು ಅಪ್ಪನನ್ನು ಪ್ರಶ್ನಿಸುವ ಪ್ರಸಂಗ ಬರುವುದಿಲ್ಲ. ಅಂದಾಜಿನ ಮೇಲೆ ಐದನೇ ಒಂದು ಪಾಲಾದರೂ ಹೆಚ್ಚು ಇಟ್ಟುಕೊಂಡಿರುವುದು ಲೇಸು. ಹಿತ್ತಿಲಲ್ಲೇ ಮರವಿದೆ, ಕಡಿದರಾಯಿತು ಎನ್ನುವಂತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಹಲವು ಜಾತಿಯ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮರದ ಬದಲು ಕಬ್ಬಿಣದ ಪೈಪಿನ ಮೇಲೆ ಅದೇ ಹಳೆಯ ಹಂಚು ಕೂರಿಸುವ ರೂಢಿ ಈಗ ಹೆಚ್ಚಿದೆ. ನೋಟಕ್ಕೆ ಮರದಷ್ಟು ಚೆಂದವಲ್ಲ, ಆದರೆ ಮಾಡು ಹತ್ತಿ ನೋಡುವವರಿಲ್ಲದ ಮನೆಗೆ ಅದೇ ಸರಿ.

ಗೋಡೆಯ ಕೆಲಸದಲ್ಲಿ ಎಚ್ಚರ ಬೇಕಾದದ್ದು ಸಿಮೆಂಟಿನ ಬಗ್ಗೆ. ಮಣ್ಣಿನ ಗೋಡೆ, ಜಂಬಿಟ್ಟಿಗೆಯ ಗೋಡೆ ಮಳೆಗಾಲದಲ್ಲಿ ತಂಡಿ ಹೀರಿ ಬೇಸಿಗೆಯಲ್ಲಿ ಬಿಡುತ್ತವೆ. ಸುಣ್ಣದ ಗಾರೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಗಟ್ಟಿ ಸಿಮೆಂಟ್ ಬಳಿದರೆ ತಂಡಿ ಒಳಗೇ ಉಳಿದು, ಎರಡು ಮಳೆಗಾಲ ಕಳೆಯುವುದರೊಳಗೆ ಗಾರೆ ಉಬ್ಬಿ ಉದುರುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಕಡಿಮೆಯಾಗಿದ್ದಾರೆ, ಹುಡುಕಿ ಕರೆಸಬೇಕು.

ಸಿಮೆಂಟ್ ಎಲ್ಲಿ ಬಳಸಿದರೂ ನೀರುಣಿಸಲು ಮನೆಯಲ್ಲಿ ಜನ ಇರಬೇಕು. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ಒದ್ದೆಯಾಗಿರಲೇಬೇಕು. ಕೆಂಪು ಕಾವಿ ನೆಲಕ್ಕೂ ಹಾಗೆಯೇ. ಕಬ್ಬಿಣದ ಆಕ್ಸೈಡಿನ ಪುಡಿ ಸಿಮೆಂಟಿಗೆ ಕಲಸಿ, ಒಂದು ಕೋಣೆಯನ್ನು ಒಂದೇ ದಿನ ಕರಣೆಯಲ್ಲಿ ಎಳೆದು ಮುಗಿಸಿ, ಮರುದಿನದಿಂದ ಒಂದು ವಾರ ಅದರ ಮೇಲೆ ನೀರು ನಿಲ್ಲಿಸುತ್ತಾರೆ. ಆ ವಾರ ಆ ಕೋಣೆಗೆ ಕಾಲಿಡುವಂತಿಲ್ಲ. ನಾಲ್ಕು ದಿನ ರಜೆ ಹಾಕಿ ಅವಸರದಲ್ಲಿ ಬಂದ ಮಗ ನಡುಮನೆಗೆ ಹೋಗಲಾಗದೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿ ಹಿಂತಿರುಗುವುದು ಹೀಗೆ. ನೆಲದ ಕೆಲಸದ ವಾರ ಯಾವುದೆಂದು ಮೇಸ್ತ್ರಿಯಿಂದ ತಿಳಿದು, ಟಿಕೆಟ್ ಮಾಡಿಸುವ ಮೊದಲೇ ಮಕ್ಕಳಿಗೆ ಹೇಳಿಬಿಡಬೇಕು.

ಇಷ್ಟೆಲ್ಲ ಧೂಳು, ಸದ್ದಿನ ನಡುವೆ ಬದುಕುವವರು ಮನೆಯ ಹಿರಿಯರು. ಕೆಲಸ ಮುಗಿಯುವವರೆಗೆ ಬೆಂಗಳೂರಿಗೆ ಬನ್ನಿ ಎಂದು ಮಕ್ಕಳು ಕರೆಯುತ್ತಾರೆ. ದನ, ತೋಟ, ದೇವರ ದೀಪ ಬಿಟ್ಟು ಅವರು ಹೊರಡುವುದಿಲ್ಲ. ಹಟವೆಂದು ಇದನ್ನು ತಳ್ಳಿಹಾಕಬಾರದು. ನಲವತ್ತು ವರ್ಷ ಒಂದೇ ಜಾಗದಲ್ಲಿ ಕಾಫಿ ಕುಡಿದವರಿಗೆ ಆ ಜಾಗ ತಪ್ಪಿದರೆ ದಿನವೇ ತಪ್ಪುತ್ತದೆ. ಹೀಗಿರುವಾಗ ಇಡೀ ಮನೆಯನ್ನು ಒಮ್ಮೆಗೇ ಕೆದಕದೆ, ಒಂದು ಕೋಣೆ, ಒಂದು ಬಚ್ಚಲು, ಒಂದು ಒಲೆಯನ್ನು ಮೊದಲು ಮುಗಿಸಿ ಅವರನ್ನು ಅಲ್ಲಿ ನೆಲೆಗೊಳಿಸಿ, ಮಿಕ್ಕದ್ದನ್ನು ಆಮೇಲೆ ಬಿಚ್ಚುವುದು ಸರಿಯಾದ ಕ್ರಮ. ಕೆಲಸ ಒಂದು ಬೇಸಿಗೆಗೆ ಮುಗಿಯದೆ ಎರಡಕ್ಕೆ ಹೋಗಬಹುದು. ಹೋಗಲಿ. ಊರಿಗೆ ಬಂದವರಿಗೂ ಅದೇ ಕೋಣೆ, ಅದೇ ಬಚ್ಚಲು ಆಸರೆಯಾಗುತ್ತದೆ.

ಆ ಬಚ್ಚಲಿಗೆ ಮಾಡಿದ ಖರ್ಚು ಎಲ್ಲಕ್ಕಿಂತ ಸಾರ್ಥಕ. ಜಾರದ ಒರಟು ಟೈಲ್ಸ್, ಕಮೋಡಿನ ಪಕ್ಕ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆ, ಗಾಲಿಕುರ್ಚಿ ಹೋಗುವಂತೆ 90 ಸೆಂಟಿಮೀಟರ್ ಅಗಲದ ಬಾಗಿಲು, ಹಾಸಿಗೆಯಿಂದ ಕೈಗೆಟಕುವ ದೀಪದ ಸ್ವಿಚ್ಚು. ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲಲ್ಲಿರುತ್ತದೆ, ಮಳೆಗಾಲದ ರಾತ್ರಿ ಹಿರಿಯರು ಜಾರುವುದು ಅಲ್ಲಿಗೆ ಹೋಗುವ ದಾರಿಯಲ್ಲೇ. ಎಡವಿ ಬೀಳುವ ಭಯವೆಂದು ಹೊಸಿಲನ್ನೂ ತೆಗೆಸಲು ಮಕ್ಕಳು ಹೇಳುವುದುಂಟು. ಒಳಗಿನ ಕೋಣೆಗಳದನ್ನು ತೆಗೆಸಬಹುದು. ಆದರೆ ಮಂಗಳವಾರ ಶುಕ್ರವಾರ ಅರಿಸಿನ ಕುಂಕುಮ ಹಚ್ಚಿ ರಂಗೋಲಿ ಎಳೆಯುವ ಹೆಬ್ಬಾಗಿಲಿನ ಹೊಸಿಲಿನ ವಿಚಾರದಲ್ಲಿ ಅಮ್ಮನ ಮಾತೇ ಕೊನೆಯದಾಗಬೇಕು. ಅದರ ಮೇಲೆ ಬೆಳಕು ಬೀಳುವಂತೆ ಒಂದು ದೀಪ, ಪಕ್ಕದಲ್ಲಿ ಒಂದು ಹಿಡಿಕೆ ಹಾಕಿಸಿದರೆ ಎರಡೂ ನಡೆಯುತ್ತವೆ.

ಫೋನಿನ ವಿಷಯ ಚಿಕ್ಕದೆಂದು ಕಂಡರೂ ಸಂಬಂಧ ಕೆಡುವುದು, ಉಳಿಯುವುದು ಅಲ್ಲಿಯೇ. ಮೇಸ್ತ್ರಿ ಬೆಳಿಗ್ಗೆ ಎಂಟೂವರೆಗೆ ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಹಿಂದಿನ ಸಂಜೆ ಏಳು. ಅಲ್ಲಿರುವ ಮಗಳು ಅಡುಗೆ ಮಾಡುತ್ತಲೇ ಮೇಸ್ತ್ರಿಯ ಜೊತೆ ಮಾತಾಡಬಹುದು. ಲಂಡನ್ನಿನಲ್ಲಿ ಆಗ ನಸುಕಿನ ಮೂರು, ಅಲ್ಲಿನವರಿಗೆ ಸಂಜೆಯೇ ಸರಿ. ದುಬೈ ಬರೀ ಒಂದೂವರೆ ಗಂಟೆ ಹಿಂದೆ. ಯಾರು ಯಾವ ಹೊತ್ತಿಗೆ ಕೆಲಸದ ಮಾತಿಗೆ ಸಿಗಬೇಕೆಂದು ಹಂಚಿಕೊಂಡರೆ ಅಪ್ಪ ದಿನವಿಡೀ ಫೋನು ಹಿಡಿದು ನಿಲ್ಲಬೇಕಾಗಿಲ್ಲ. ನೂರಿನ್ನೂರು ಮೊಳೆ, ಒಂದು ಚೀಲ ಸಿಮೆಂಟಿನಂಥವನ್ನು ಸ್ಥಳದಲ್ಲಿರುವವರೇ ತೀರ್ಮಾನಿಸಲಿ. ಗೋಡೆ ಒಡೆಯುವುದು, ಮರ ಮಾರುವುದು, ಬಾವಿ ಮುಚ್ಚುವುದರಂಥ ಮತ್ತೆ ಸರಿಪಡಿಸಲಾಗದ ಕೆಲಸಕ್ಕೆ ಮಾತ್ರ ಎಲ್ಲರನ್ನೂ ಕೇಳಬೇಕು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಟ್ಟುಪಾಡಿದೆ: ವಾರದಲ್ಲಿ ಒಂದು ಫೋನಾದರೂ ಮನೆಕೆಲಸದ ಸುದ್ದಿಯೇ ಇಲ್ಲದ್ದಾಗಿರಬೇಕು. ಜಲ್ಲಿ ಬಂತೇ ಎಂಬಲ್ಲಿಂದ ಶುರುವಾದ ಮಾತು ಜಲ್ಲಿಯಲ್ಲೇ ಮುಗಿಯುತ್ತದೆ. ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳುವುದು ಉಳಿದುಬಿಡುತ್ತದೆ, ಹೀಗೇ ಮೂರು ತಿಂಗಳು ಕಳೆಯುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನ ಮಕ್ಕಳು ಬರುವ ಹೊತ್ತಿಗೆ ಬಾಗಿಲಿನ ಪಾಲಿಶು, ಕಿಟಕಿಯ ಬಣ್ಣ, ಅಂಗಳದ ಬದಿಗೆ ಕಲ್ಲು ಹೊಂದಿಸುವುದು ಮುಂತಾದ ಸಣ್ಣ ಕೆಲಸಗಳು ಉಳಿದಿರುತ್ತವೆ. ಉಳಿಸಿಕೊಳ್ಳುವುದೇ ಒಳ್ಳೆಯದು. ಎರಡು ವಾರ ಬಂದವರಿಗೆ ಬರೀ ನೋಡಿ ಹೋಗುವ ಮನೆಗಿಂತ ಕೈಯಾರೆ ಒಂದು ಕಿಟಕಿಗೆ ಬಣ್ಣ ಬಳಿದ ಮನೆ ಹೆಚ್ಚು ನೆನಪಿರುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಹಿಂದೆ ಮಕ್ಕಳ ಎತ್ತರ ಅಳೆದು ಉಳಿಯಿಂದ ಗೀರಿದ ಗುರುತುಗಳಿದ್ದರೆ ಆ ಒಂದು ಮೊಳ ಮರಕ್ಕೆ ಪಾಲಿಶು ಹೊಡೆಸದಂತೆ ಆಚಾರಿಗೆ ಮೊದಲೇ ಹೇಳಿರಬೇಕು.

ಮಾಡು ನಿಜವಾಗಿ ಮುಗಿಯುವುದು ಮೊದಲ ದೊಡ್ಡ ಮಳೆ ಬಿದ್ದ ಮೇಲೆ. ಎಷ್ಟೇ ನುರಿತವರು ಹೊದೆಸಿದ್ದರೂ ಜೂನ್ ಮೊದಲ ವಾರದ ಗಾಳಿಮಳೆಗೆ ಎರಡು ಮೂರು ಕಡೆ ಸೋರುತ್ತದೆ. ಹನಿ ಬಿದ್ದ ಜಾಗದಲ್ಲಿ ಪಾತ್ರೆ ಇಟ್ಟು, ಮೇಲೆ ಯಾವ ಹಂಚಿನ ಸಂದಿನಿಂದ ನೀರು ಇಳಿಯುತ್ತಿದೆಯೆಂದು ಗುರುತಿಟ್ಟುಕೊಂಡು, ಹೊಳವಾದ ಹಗಲು ಹಂಚಿನವರನ್ನು ಕರೆಸಿ ಅಷ್ಟನ್ನು ಕೈಯಾಡಿಸಬೇಕು. ಇದಕ್ಕೆಂದೇ ಐವತ್ತು ಹಂಚು ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಅಮೆರಿಕದ ಮೊಮ್ಮಕ್ಕಳು ಶಾಲೆ ಮುಗಿಸಿ ಬಂದಿಳಿಯುವುದೂ ಈ ಮಳೆಯಲ್ಲೇ. ಅವರು ಬರುವ ವಾರಕ್ಕೆ ಮೊದಲು ಸೋರುವುದು ನಿಂತು, ಹೊಸ ಬಚ್ಚಲಿನಲ್ಲಿ ಹಂಡೆ ಕಾದಿದ್ದರೆ ಆ ವರ್ಷದ ಕೆಲಸ ಮುಗಿದಂತೆ.