ಮೋಟಾರಿಲ್ಲದೆ ಚಿಮ್ಮುವ ಕೊಳವೆ

ಆಫ್ರಿಕಾದ ಕ್ಯಾಮರೂನಿನಲ್ಲಿರುವ ನ್ಯೋಸ್ ಸರೋವರಕ್ಕೆ 2001ರಲ್ಲಿ ಒಂದು ಕೊಳವೆ ಇಳಿಸಿದರು. ಉದ್ದ 203 ಮೀಟರ್. ಅದರ ಬಾಯಿಂದ ನೀರು ಸುಮಾರು 50 ಮೀಟರ್ ಎತ್ತರಕ್ಕೆ ಚಿಮ್ಮಿತು. ಮೋಟಾರಿಲ್ಲ, ಡೀಸೆಲ್ಲಿಲ್ಲ, ಕರೆಂಟಿಲ್ಲ.

ಅದನ್ನು ಓಡಿಸಿದ್ದು ಹಿಂದೊಮ್ಮೆ ಕೊಲೆಗಾರನಾಗಿದ್ದ ಅನಿಲ. 1986ರ ಆಗಸ್ಟ್ 21ರ ರಾತ್ರಿ ಸರೋವರದಿಂದ ನುಗ್ಗಿದ ಇಂಗಾಲದ ಡೈಆಕ್ಸೈಡ್ ಕಣಿವೆಗುಂಟ ಹರಿದು ಸುಮಾರು 1,700 ಜನರನ್ನೂ ಸಾವಿರಾರು ದನಕರುಗಳನ್ನೂ ಉಸಿರುಗಟ್ಟಿಸಿತ್ತು. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಅದು ನೆಲ ಬಿಟ್ಟು ಮೇಲೇಳಲಿಲ್ಲ.

ಸರೋವರ ಇರುವುದು ಜ್ವಾಲಾಮುಖಿಯ ಕುಳಿಯಲ್ಲಿ. ಭೂಗರ್ಭದ ಅನಿಲ ತಳದ ನೀರಿಗೆ ಸದಾ ಜಿನುಗುತ್ತದೆ. ಅನಿಲದ ಒತ್ತಡ ಎಷ್ಟು ಪಟ್ಟು ಹೆಚ್ಚಿದರೆ ದ್ರವದಲ್ಲಿ ಅದು ಅಷ್ಟೇ ಪಟ್ಟು ಹೆಚ್ಚು ಕರಗುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ್ದ. 200 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ 20 ಪಟ್ಟಿಗೂ ಹೆಚ್ಚು. ಅಲ್ಲಿನ ಒಂದು ಲೀಟರ್ ನೀರು ಹತ್ತು ಲೀಟರಿಗೂ ಮಿಕ್ಕಿದ ಅನಿಲವನ್ನು ಹಿಡಿದಿಡಬಲ್ಲದು. ಉಷ್ಣವಲಯದ ಈ ಸರೋವರದಲ್ಲಿ ಮೇಲಿನ ನೀರು ಚಳಿಗೆ ತಣಿದು ತಳಕ್ಕಿಳಿಯುವುದಿಲ್ಲ. ಪದರಗಳು ಕದಡದೆ ಅನಿಲ ಕೂಡುತ್ತಲೇ ಹೋಗುತ್ತದೆ.

ಗುಳ್ಳೆ ಹುಟ್ಟಬೇಕಾದರೆ ಕರಗಿದ ಅನಿಲದ ಒತ್ತಡವೂ ನೀರಿನದೇ ಆವಿಯ ಒತ್ತಡವೂ ಸೇರಿ ಸುತ್ತಲಿನ ಒತ್ತಡವನ್ನು ಮೀರಬೇಕು. ನೀರು ಕುದಿಯುವಾಗ ಈ ಕೆಲಸ ಆವಿಯದು: 100 ಡಿಗ್ರಿಯಲ್ಲಿ ಅದರ ಒತ್ತಡ ವಾಯುಮಂಡಲದ ಒತ್ತಡಕ್ಕೆ ಸಮವಾಗುತ್ತದೆ. ನ್ಯೋಸ್‌ನ ನೀರು 25 ಡಿಗ್ರಿಯ ಆಸುಪಾಸಿನದು. ಅಲ್ಲಿ ಆವಿಯ ಪಾಲು ವಾಯುಮಂಡಲದ ಒತ್ತಡದ ಶೇ. 3ರಷ್ಟು ಮಾತ್ರ. ಮಿಕ್ಕ ಕೆಲಸವೆಲ್ಲ ಇಂಗಾಲದ ಡೈಆಕ್ಸೈಡಿನದು.

ಮೊದಲು ಪಂಪಿನಿಂದ ತಳದ ನೀರನ್ನು ಕೊಳವೆಯೊಳಗೆ ಒಂದಿಷ್ಟು ಮೇಲೆತ್ತಬೇಕು. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ಗೋಲಿ ಒತ್ತಿದ ಸೋಡಾದಂತೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ಬೆರೆತ ನೀರು ಹಗುರ, ಕೊಳವೆಯ ಹೊರಗಿನದು ಭಾರ. ಆ ಭಾರವೇ ತಳದಿಂದ ಇನ್ನಷ್ಟು ನೀರನ್ನು ಒಳಗೆ ತಳ್ಳುತ್ತದೆ. ಆಮೇಲೆ ಪಂಪ್ ನಿಲ್ಲಿಸಿದರೂ ಕಾರಂಜಿ ನಿಲ್ಲುವುದಿಲ್ಲ. 1986ರಲ್ಲಿ ಒಮ್ಮೆಲೇ ನುಗ್ಗಿದ್ದ ಅನಿಲ ಹೀಗೆ ಸ್ವಲ್ಪಸ್ವಲ್ಪವಾಗಿ ಹೊರಬಂದು ಗಾಳಿಯಲ್ಲಿ ಚದುರಿಹೋಗುತ್ತದೆ. 2011ರಲ್ಲಿ ಇನ್ನೆರಡು ಕೊಳವೆಗಳನ್ನು ಸೇರಿಸಲಾಯಿತು.

ಈ ಯಂತ್ರ ಚೆನ್ನಾಗಿ ದುಡಿದಷ್ಟೂ ಅದರ ಇಂಧನ ತೀರುತ್ತದೆ. 1984ರಲ್ಲಿ 37 ಜನರನ್ನು ಬಲಿ ಪಡೆದ ಕ್ಯಾಮರೂನಿನದೇ ಮೊನೂನ್ ಸರೋವರದಲ್ಲಿ ಆದದ್ದೂ ಅದೇ. ಅನಿಲ ಕಡಿಮೆಯಾಗಿ ಅಲ್ಲಿ ಹಾಕಿದ್ದ ಇಂಥವೇ ಕೊಳವೆಗಳ ಕಾರಂಜಿಗಳು ಸೊರಗಿದವು. ಆದರೆ ತಳದ ಜಿನುಗು ನಿಂತಿಲ್ಲವಲ್ಲ! ಕೊನೆಗೆ ಅಲ್ಲಿ ಸೌರಶಕ್ತಿಯ ಪಂಪ್ ಕೂರಿಸಬೇಕಾಯಿತು.